ನಲಿ-ಕಲಿ: ಪೆಟ್ಟಿಗೆ ಚೆನ್ನಾಗಿದೆ, ಸೇವೆ ಸಾಲದು

ಒಂದರಿಂದ ಮೂರನೆಯ ತರಗತಿಯ ಮಕ್ಕಳು ಕಾರ್ಡುಗಳ ಮೂಲಕ ತಮ್ಮ ತಮ್ಮ ವೇಗದಲ್ಲಿ ಕಲಿಯುವ ನಲಿ-ಕಲಿಯನ್ನು ಬೋಧನಾ ಪದ್ಧತಿಯೆಂದು ಹೊಗಳಿದ ಬರಹಗಳೂ ತೆಗಳಿದ ಬರಹಗಳೂ ಬೇಕಾದಷ್ಟಿವೆ. ಇಲ್ಲಿ ನಾನು ಅದನ್ನು ಶಿಕ್ಷಣ ಇಲಾಖೆಯು ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಒದಗಿಸುತ್ತಿರುವ ಒಂದು ಸೇವೆಯೆಂದು ತೆಗೆದುಕೊಂಡು ಪರಿಶೀಲಿಸಲು ಹೊರಟಿದ್ದೇನೆ. ಕಾರ್ಡುಗಳ ಪೆಟ್ಟಿಗೆ, ಗೋಡೆಯ ಮೇಲಿನ ಏಣಿ, ಶಿಕ್ಷಕರ ತರಬೇತಿ, ತರಬೇತಿಯ ನಂತರ ಸಿಗುವ ಅಥವಾ ಸಿಗದೇ ಹೋಗುವ ಬೆಂಬಲ, ಇವೆಲ್ಲ ಸೇರಿ ಒಂದು ಸಣ್ಣ ಊರಿನ ಕಿರಿಯ ಪ್ರಾಥಮಿಕ ಶಾಲೆಗೆ ಏನನ್ನು ತಲುಪಿಸುತ್ತವೆ ಎಂಬುದು ನನ್ನ ಪ್ರಶ್ನೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಸಾಮಗ್ರಿಯ ವಿನ್ಯಾಸ ನಾನು ಕಂಡ ಪ್ರಾಥಮಿಕ ಶಾಲಾ ಸಾಮಗ್ರಿಗಳಲ್ಲೇ ಅತ್ಯಂತ ಜಾಣತನದ್ದು. ಅದರ ಬೆನ್ನಿಗೆ ನಿಲ್ಲಬೇಕಾದ ಸೇವೆ ಮಾತ್ರ ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಏರುಪೇರಾಗುತ್ತದೆ. ಒಂದು ಶಾಲೆಯಲ್ಲಿ ನಲಿ-ಕಲಿ ದಿನನಿತ್ಯದ ಕೆಲಸವಾಗಿ ಉಳಿಯುವುದೋ ಅಥವಾ ಬರಿಯ ಗೋಡೆಯ ಅಲಂಕಾರವಾಗುವುದೋ ಎಂಬುದನ್ನು ನಿರ್ಧರಿಸುವುದು ಪೆಟ್ಟಿಗೆಯಲ್ಲ, ಆ ಸೇವೆ.

ಮೊದಲು ಪೆಟ್ಟಿಗೆಯ ವಿಚಾರ. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂಡಿ ಕಲಿಯುವುದು ಈ ಪದ್ಧತಿಯ ಅಡಿಪಾಯ. ಕನ್ನಡ, ಗಣಿತ, ಪರಿಸರ ಅಧ್ಯಯನ, ಪ್ರತಿಯೊಂದಕ್ಕೂ ಒಂದೊಂದು ಕಲಿಕಾ ಏಣಿ ಗೋಡೆಯ ಮೇಲಿರುತ್ತದೆ. ಏಣಿಯಲ್ಲಿ ಮೈಲಿಗಲ್ಲುಗಳಿವೆ, ಪ್ರತಿ ಮೈಲಿಗಲ್ಲಿನೊಳಗೆ ಸಣ್ಣ ಸಣ್ಣ ಚಟುವಟಿಕೆಗಳ ಮೆಟ್ಟಿಲುಗಳಿವೆ, ಪ್ರತಿ ಮೆಟ್ಟಿಲಿಗೂ ಒಂದು ಲೋಗೋ ಮತ್ತು ಒಂದು ಸಂಖ್ಯೆ ಇದೆ. ಮಗು ತಾನು ಹಿಂದೆ ಮುಗಿಸಿದ ಮೆಟ್ಟಿಲನ್ನು ಏಣಿಯಲ್ಲಿ ಗುರುತಿಸಿ, ಮುಂದಿನ ಲೋಗೋ ನೋಡಿಕೊಂಡು, ಟ್ರೇಯಿಂದ ಅದೇ ಲೋಗೋ ಇರುವ ಕಾರ್ಡನ್ನು ತೆಗೆದುಕೊಂಡು, ಆ ಚಟುವಟಿಕೆಗೆ ನಿಗದಿಯಾದ ಗುಂಪಿಗೆ ಹೋಗಿ ಕೂರುತ್ತದೆ. ಗುಂಪುಗಳು ಐದು: ಶಿಕ್ಷಕರ ಪೂರ್ಣ ನೆರವು ಬೇಕಾದವರು, ಭಾಗಶಃ ನೆರವು ಬೇಕಾದವರು, ಸಹಪಾಠಿಯ ಪೂರ್ಣ ನೆರವಿನಿಂದ ಕಲಿಯುವವರು, ಸಹಪಾಠಿಯ ಭಾಗಶಃ ನೆರವು ಸಾಕೆನ್ನುವವರು, ಯಾರ ನೆರವೂ ಬೇಡದೆ ತಾವೇ ಕಲಿಯುವವರು. ಮೆಟ್ಟಿಲು ದಾಟಿದ್ದನ್ನು ಪ್ರಗತಿ ನೋಟದಲ್ಲಿ ಗುರುತು ಮಾಡಲಾಗುತ್ತದೆ, ಮಗು ಬರೆದದ್ದು ಬಿಡಿಸಿದ್ದು ತಲೆಯ ಮೇಲೆ ದಾರ ಕಟ್ಟಿ ಮಾಡಿದ ಚಪ್ಪರದಲ್ಲಿ ತೂಗುತ್ತದೆ, ಗೋಡೆಯ ಕೆಳಭಾಗದ ಕಪ್ಪು ಹಲಗೆಯಲ್ಲಿ ಕೈಗೆಟಕುವಷ್ಟು ಜಾಗ ಮಕ್ಕಳದೇ ಆಗಿರುತ್ತದೆ.

ಇದರ ನಿಜವಾದ ಬೆಲೆ ಗೊತ್ತಾಗುವುದು ಮಗು ಶಾಲೆ ತಪ್ಪಿಸಿದಾಗ. ಸಾಮಾನ್ಯ ತರಗತಿಯಲ್ಲಿ ತಿಂಗಳುಗಟ್ಟಲೆ ಗೈರಾಗಿ ಮರಳಿದ ಮಗುವಿಗೆ ಪಾಠ ಮುಂದೆ ಹೋಗಿರುತ್ತದೆ, ಹಿಂದಿನದ್ದನ್ನು ಹೇಳಿಕೊಡಲು ಯಾರಿಗೂ ಪುರಸೊತ್ತಿರುವುದಿಲ್ಲ. ಏಣಿಯಲ್ಲಿ ಹಾಗಾಗುವುದಿಲ್ಲ, ಮಗು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹೊರಡುತ್ತದೆ. ಕೊಡಗಿನ ಕಾಫಿ ತೋಟಗಳಿಗೆ ಕೂಲಿಗೆಂದು ತಂದೆತಾಯಿಯ ಜೊತೆ ಹೋಗಿ ಬರುವ ಹಾಡಿಯ (ಆದಿವಾಸಿಗಳ ವಸತಿಯ) ಮಕ್ಕಳಿರುವ ಶಾಲೆಯಲ್ಲಿ ಈ ಒಂದು ಗುಣಕ್ಕಾಗಿಯೇ ಪದ್ಧತಿಯನ್ನು ಒಪ್ಪಿಕೊಳ್ಳಬಹುದು.

ಅಕ್ಷರಗಳ ಕ್ರಮವೂ ಬೇರೆ. ಅ ಆ ಇ ಈ ಎಂದು ಶುರುವಾಗುವುದಿಲ್ಲ. ಮೊದಲ ಕಂತು ರ, ಗ, ಸ, ದ, ಅ. ಈ ಐದೇ ಅಕ್ಷರಗಳಲ್ಲಿ ಸರ, ದರ, ಅರಸ, ಅಗಸ, ಗರಗಸ ಎಂಬ ಪದಗಳು ಹುಟ್ಟುತ್ತವೆ, ಆದ್ದರಿಂದ ಮಗು ಕೆಲವೇ ವಾರಗಳಲ್ಲಿ ಅರ್ಥವಿರುವ ಏನನ್ನಾದರೂ ಓದಿದ ಸಂತೋಷ ಪಡೆಯುತ್ತದೆ. ಅದರ ನಂತರ ಜ, ವ, ಮ, ಬ, ನ ಬರುತ್ತವೆ, ಪದಗಳ ಸಂಖ್ಯೆ ಇನ್ನಷ್ಟು ಬೆಳೆಯುತ್ತದೆ. ಬರೆಯಲು ಸುಲಭವಾದ, ಆಕಾರದಲ್ಲಿ ಹೋಲಿಕೆಯಿರುವ ಅಕ್ಷರಗಳನ್ನು ಒಟ್ಟಿಗೆ ಇಟ್ಟಿರುವುದರಿಂದ ಕೈಗೂ ಆಯಾಸ ಕಡಿಮೆ. ಇಷ್ಟು ಸರಳವಾದ, ಇಷ್ಟು ಕನ್ನಡದ್ದೇ ಆದ ಯೋಚನೆಯನ್ನು ದುಬಾರಿ ಖಾಸಗಿ ಪಠ್ಯಮಾಲೆಗಳಲ್ಲಿ ನಾನು ಕಂಡಿಲ್ಲ.

ಇಂಥ ಸಾಮಗ್ರಿ ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮುಂದಿನ ಗುಣದೋಷಗಳ ಬೇರು ಅಲ್ಲಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಿಕ್ಷಕರ ಒಂದು ಸಣ್ಣ ತಂಡ ಯುನಿಸೆಫ್ ನೆರವಿನಿಂದ ಆಂಧ್ರದ ಮದನಪಲ್ಲಿಯ ಬಳಿಯ ರಿಷಿ ವ್ಯಾಲಿ ಶಿಕ್ಷಣ ಕೇಂದ್ರಕ್ಕೆ ಹೋಯಿತು. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಏಣಿ ಮತ್ತು ಕಾರ್ಡುಗಳ ಪದ್ಧತಿಯನ್ನು ರೂಪಿಸಿದ್ದರು; ‘ಪೆಟ್ಟಿಗೆಯೊಳಗಿನ ಶಾಲೆ’ ಎಂಬ ಹೆಸರು ಅದಕ್ಕೆ ಬಂದದ್ದು ಹಾಗೆ. ಕೋಟೆಯ ಶಿಕ್ಷಕರು ನೋಡಿದ್ದು ತಮ್ಮ ಶಾಲೆಯಂಥದ್ದೇ ಶಾಲೆಗಳನ್ನು: ಒಬ್ಬರೇ ಶಿಕ್ಷಕರು, ಹಲವು ತರಗತಿಗಳು, ಬಡ ಮಕ್ಕಳು. ಆದರೆ ಕಾರ್ಡುಗಳು ತೆಲುಗಿನಲ್ಲಿದ್ದವು. ಅವನ್ನು ಹೊತ್ತು ತಂದು ಹಂಚುವ ದಾರಿ ಅವರಿಗಿರಲಿಲ್ಲ. ಕನ್ನಡದ ಅಕ್ಷರಗಳಿಗೆ ಹೊಂದುವ ಕ್ರಮ, ಆ ಸೀಮೆಯ ಹಾಡು, ಒಗಟು, ಮರ, ಹಕ್ಕಿ, ಕಾಡಂಚಿನ ಮಕ್ಕಳಿಗೆ ಗೊತ್ತಿರುವ ಕಥೆ, ಇವನ್ನೆಲ್ಲ ಹಾಕಿ ಏಣಿಯನ್ನು ತಾವೇ ಹೊಸದಾಗಿ ಕಟ್ಟಬೇಕಾಯಿತು. ನನ್ನ ಅಭಿಪ್ರಾಯದಲ್ಲಿ ಆ ಅನನುಕೂಲವೇ ದೊಡ್ಡ ಅನುಕೂಲವಾಯಿತು. ಕಾರ್ಡಿನ ಮೇಲಿನ ಪ್ರತಿ ಚಿತ್ರ ಅಲ್ಲಿ ಏಕಿದೆ ಎಂಬುದು ಬಳಸುವವರಿಗೆ ಗೊತ್ತಿತ್ತು, ಏಕೆಂದರೆ ಅದನ್ನು ಅಲ್ಲಿಟ್ಟವರು ಅವರೇ ಆಗಿದ್ದರು. ಒಂದು ಚಟುವಟಿಕೆ ಕೆಲಸ ಮಾಡದಿದ್ದರೆ ಅದನ್ನು ತೆಗೆದು ಬೇರೆಯದನ್ನು ಹಾಕಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆಗ ಇಲಾಖೆಯ ಉನ್ನತ ಸ್ಥಾನದಲ್ಲಿದ್ದ ಐಎಎಸ್ ಅಧಿಕಾರಿ ಅನಿತಾ ಕೌಲ್ ಅವರಂಥವರು ಈ ಪ್ರಯೋಗದ ಬೆನ್ನಿಗೆ ನಿಂತಿದ್ದರಿಂದ ಅದು ಕೆಳಗಿನ ಹಂತದ ತಪಾಸಣೆಯ ಕತ್ತರಿಗೆ ಸಿಕ್ಕದೆ ಉಳಿಯಿತು.

ನಂತರದ ವರ್ಷಗಳಲ್ಲಿ ಪದ್ಧತಿ ಒಂದೊಂದೇ ತಾಲ್ಲೂಕಿಗೆ ಹಬ್ಬಿತು. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗೆ ಅದು ಏಕಕಾಲಕ್ಕೆ ವಿಸ್ತರಣೆಯಾಯಿತು, ಬಳಿಕ ಮೂರನೆಯ ತರಗತಿಯೂ ಸೇರಿತು. ಸರ್ಕಾರಿ ಶಾಲೆಗಳಲ್ಲಿ ಹೊಸತನಕ್ಕೆ ಜಾಗವಿಲ್ಲ ಎನ್ನುವವರಿಗೆ ಇದು ನೇರ ಉತ್ತರ. ಸರ್ಕಾರಿ ಶಿಕ್ಷಕರೇ ರೂಪಿಸಿದ ಒಂದು ಪದ್ಧತಿ ಇಡೀ ರಾಜ್ಯದ ಪದ್ಧತಿಯಾಗುವುದು ನಮ್ಮಲ್ಲಿ ಅಪರೂಪ. ಆದರೆ ಬೀದರಿನ ಅಥವಾ ಕಾರವಾರದ ಶಿಕ್ಷಕರ ಕೈಗೆ ಬಂದದ್ದು ಅಚ್ಚಾಗಿ ಮುಗಿದ ಕಾರ್ಡು. ಕೋಟೆಯಲ್ಲಿ ಶಿಕ್ಷಕರು ಎತ್ತಿದ ಪ್ರಶ್ನೆಗೆ ಉತ್ತರವಾಗಿದ್ದದ್ದು ಇಲ್ಲಿ ಸುತ್ತೋಲೆಯ ಜೊತೆ ಬಂದ ಸರಕಾಯಿತು. ಕಟ್ಟುವ ಹಂತದಲ್ಲಿ ಕೈಜೋಡಿಸದವರಿಗೆ ಆ ತಿಳಿವಳಿಕೆಯನ್ನು ಬೇರೆ ದಾರಿಯಿಂದ ತಲುಪಿಸಬೇಕಿತ್ತು, ಆ ಕೆಲಸ ತರಬೇತಿಯ ಮೇಲೆ ಬಿತ್ತು.

ತರಬೇತಿ ಹೇಗಿದೆ? ಕೊಠಡಿಯಲ್ಲಿ ಕೂರಿಸಿ, ಏಣಿ ತೋರಿಸಿ, ಲೋಗೋಗಳ ಅರ್ಥ ಹೇಳಿ, ಹಾಡು ಕುಣಿತ ಮಾಡಿಸಿ ಕಳಿಸುವ ಕೆಲವು ದಿನಗಳ ಶಿಬಿರ ಉತ್ಸಾಹ ತುಂಬುತ್ತದೆ, ಅದನ್ನು ಅಲ್ಲಗಳೆಯಲಾರೆ. ಆದರೆ ಐದು ಗುಂಪುಗಳು ಏಕಕಾಲಕ್ಕೆ ನಡೆಯುವ ಕೋಣೆಯನ್ನು ನಿಭಾಯಿಸುವುದು ಶಿಬಿರದಲ್ಲಿ ಬರುವ ವಿದ್ಯೆಯಲ್ಲ. ಮೊದಲ ಗುಂಪಿನ ಜೊತೆ ಕೂತಿರುವಾಗ ಐದನೆಯ ಗುಂಪಿನಲ್ಲಿ ಜಗಳ ಶುರುವಾದರೆ ಏನು ಮಾಡಬೇಕು, ಸಹಪಾಠಿಯಿಂದ ಕಲಿಯಬೇಕಾದ ಮಗುವಿಗೆ ಸಹಪಾಠಿಯೇ ತಪ್ಪು ಹೇಳಿಕೊಡುತ್ತಿದ್ದರೆ ಯಾವಾಗ ಮಧ್ಯೆ ಹೋಗಬೇಕು, ಒಂದೇ ಮೆಟ್ಟಿಲಲ್ಲಿ ವಾರಗಟ್ಟಲೆ ನಿಂತ ಮಗುವಿಗೆ ಯಾವ ಕಾರ್ಡು ಕೊಡಬೇಕು, ಇಂಥವು ಇನ್ನೊಬ್ಬ ಶಿಕ್ಷಕರ ತರಗತಿಯಲ್ಲಿ ಒಂದು ದಿನವಿಡೀ ಕೂತು ನೋಡಿದಾಗ ಮತ್ತು ತಮ್ಮ ತರಗತಿಗೆ ಬಲ್ಲವರೊಬ್ಬರು ಬಂದು ಕೂತಾಗ ತಿಳಿಯುವ ಸಂಗತಿಗಳು. ಕೋಟೆಯ ಶಿಕ್ಷಕರಿಗೆ ರಿಷಿ ವ್ಯಾಲಿಯಲ್ಲಿ ಸಿಕ್ಕಿದ್ದು ಉಪನ್ಯಾಸವಲ್ಲ, ನಡೆಯುತ್ತಿರುವ ಶಾಲೆ.

ಈ ಕೆಲಸಕ್ಕೆಂದೇ ವ್ಯವಸ್ಥೆಯಲ್ಲಿ ಒಂದು ಜಾಗವಿದೆ. ಸಮೂಹ ಸಂಪನ್ಮೂಲ ಕೇಂದ್ರದಲ್ಲಿ ನಡೆಯುವ ಸಮಾಲೋಚನಾ ಸಭೆಯಲ್ಲಿ ಸುತ್ತಲಿನ ಶಾಲೆಗಳ ನಲಿ-ಕಲಿ ಶಿಕ್ಷಕರು ಸೇರಿ ತಮ್ಮ ತೊಡಕುಗಳನ್ನು ಹಂಚಿಕೊಳ್ಳಬೇಕು. ಆ ಕೇಂದ್ರದ ಸಮೂಹ ಸಂಪನ್ಮೂಲ ವ್ಯಕ್ತಿ (ಸಿಆರ್‌ಪಿ) ಶಾಲೆಗಳಿಗೆ ಭೇಟಿ ಕೊಟ್ಟು ತರಗತಿಯಲ್ಲೇ ನೆರವಾಗಬೇಕು. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಊಹಿಸುವುದು ಕಷ್ಟ. ಆಚರಣೆಯಲ್ಲಿ ಸಿಆರ್‌ಪಿಯ ದಿನ ಅಂಕಿಅಂಶಗಳ ಸಂಗ್ರಹಣೆಯಲ್ಲಿ ಕಳೆಯುತ್ತದೆ: ಯು-ಡೈಸ್ (ಶಾಲೆಗಳ ರಾಷ್ಟ್ರೀಯ ದತ್ತಾಂಶ) ಮಾಹಿತಿ, ಎಸ್‌ಎಟಿಎಸ್ (ವಿದ್ಯಾರ್ಥಿಗಳ ಆನ್‌ಲೈನ್ ದಾಖಲೆ) ನಮೂದು, ಬಿಸಿಯೂಟದ ಲೆಕ್ಕ, ಆಧಾರ್ ಜೋಡಣೆ, ತುರ್ತಾಗಿ ಕಳಿಸಬೇಕಾದ ಇನ್ನೊಂದು ನಮೂನೆ. ಅವರು ಶಾಲೆಗೆ ಬಂದಾಗ ಕೇಳುವುದು ಪ್ರಗತಿ ನೋಟ ತುಂಬಿದೆಯೇ ಎಂದು. ಮಗುವನ್ನು ಪಕ್ಕ ಕೂರಿಸಿಕೊಂಡು ಓದಿಸಿ ನೋಡುವಷ್ಟು ಸಮಯ ಅವರಿಗಿಲ್ಲ. ಪರಿಣಾಮವಾಗಿ ಪ್ರಗತಿ ನೋಟ ತುಂಬುತ್ತದೆ, ಏಣಿಯಲ್ಲಿ ಮಗು ಹತ್ತಿದಂತೆ ಕಾಣುತ್ತದೆ. ರಾಜ್ಯದ ಗ್ರಾಮೀಣ ಪ್ರದೇಶದಲ್ಲಿ ಮೂರನೆಯ ತರಗತಿಯ ಬಹುಪಾಲು ಮಕ್ಕಳು ಎರಡನೆಯ ತರಗತಿಯ ಪಠ್ಯವನ್ನು ಸರಾಗವಾಗಿ ಓದಲಾರರು ಎಂದು ಮಕ್ಕಳ ಓದು, ಲೆಕ್ಕದ ಮಟ್ಟ ಅಳೆಯುವ ಅಸರ್ ಸಮೀಕ್ಷೆಗಳು ಮತ್ತೆ ಮತ್ತೆ ಹೇಳುತ್ತಿರುವಾಗ ಈ ಎರಡು ಚಿತ್ರಗಳ ನಡುವಿನ ಅಂತರವನ್ನು ಯಾರಾದರೂ ಗಮನಿಸಲೇಬೇಕು. ಓದಿನ ಈ ಸ್ಥಿತಿಗೆ ನಲಿ-ಕಲಿಯೇ ಕಾರಣವೆಂದು ನಾನು ಹೇಳುತ್ತಿಲ್ಲ, ಬಡತನ, ಗೈರುಹಾಜರಿ, ಖಾಲಿ ಹುದ್ದೆ, ಕೋವಿಡ್ ಕಾಲದ ನಷ್ಟ ಎಲ್ಲವೂ ಅದರಲ್ಲಿವೆ. ಆದರೆ ಮಗುವಿನ ನಿಜವಾದ ಮಟ್ಟವನ್ನು ತೋರಿಸುವುದೇ ಏಣಿಯ ಮುಖ್ಯ ಭರವಸೆ. ದಾಖಲೆಗಾಗಿ ತುಂಬಿದ ಏಣಿ ಆ ಭರವಸೆಯನ್ನೇ ಮುರಿಯುತ್ತದೆ.

ಬಿಡಿಭಾಗಗಳ ಪೂರೈಕೆಯನ್ನೂ ನೋಡಬೇಕು. ಚಿಕ್ಕ ಕೈಗಳಲ್ಲಿ ದಿನವೂ ಓಡಾಡುವ ಕಾರ್ಡು ಹರಿಯುತ್ತದೆ, ಕಳೆಯುತ್ತದೆ, ಮಳೆಗಾಲದಲ್ಲಿ ಮುದುರುತ್ತದೆ. ನಡುವಿನ ಒಂದು ಕಾರ್ಡು ಇಲ್ಲವಾದರೆ ಆ ಮೆಟ್ಟಿಲಿಗೆ ಬಂದ ಪ್ರತಿ ಮಗುವೂ ಅಲ್ಲಿ ನಿಲ್ಲುತ್ತದೆ. ಪಠ್ಯಪುಸ್ತಕದ ಒಂದು ಪುಟ ಹರಿದರೆ ಪಕ್ಕದವರ ಪುಸ್ತಕವಿದೆ, ಇಲ್ಲಿ ಹಾಗಿಲ್ಲ. ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ 500 ರೂಪಾಯಿ ಬೋಧನಾ ಸಾಮಗ್ರಿಗೆಂದು ಸಿಗುತ್ತಿತ್ತು. ಅಷ್ಟರಲ್ಲೇ ರಟ್ಟು, ಬಣ್ಣ, ದಾರ ತಂದು ಕಾರ್ಡು ಮರುಸೃಷ್ಟಿಸಿಕೊಂಡ ಶಿಕ್ಷಕಿಯರು ಎಷ್ಟೋ ಮಂದಿ. ಸ್ವಂತ ಕೈಯಿಂದ ಖರ್ಚು ಮಾಡಿದವರೂ ಇದ್ದಾರೆ, ಅದನ್ನು ಅವರು ದೂರಾಗಿ ಹೇಳುವುದಿಲ್ಲ ಎಂಬುದು ಬೇರೆ ಮಾತು. ಬಿಡಿ ಕಾರ್ಡುಗಳನ್ನು ತಾಲ್ಲೂಕು ಮಟ್ಟದಲ್ಲಿ ದಾಸ್ತಾನಿಟ್ಟು ಕೇಳಿದ ವಾರದಲ್ಲೇ ಕೊಡುವ ಏರ್ಪಾಡು ಅಸಾಧ್ಯವಾದುದೇನಲ್ಲ. ಹೊಸ ಆವೃತ್ತಿ ಅಚ್ಚಾದಾಗ ಇಡೀ ಪೆಟ್ಟಿಗೆ ಬರುವುದಕ್ಕಿಂತ, ಕಳೆದ ಮೂರು ಕಾರ್ಡು ಸಕಾಲಕ್ಕೆ ಬರುವುದು ಶಾಲೆಗೆ ಹೆಚ್ಚು ಉಪಯುಕ್ತ.

ಜನರ ವಿಷಯ ಇದಕ್ಕಿಂತ ಕಠಿಣ. ನಲಿ-ಕಲಿಯನ್ನು ಚೆನ್ನಾಗಿ ನಡೆಸುವ ಶಿಕ್ಷಕಿಗೆ ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಬೇರೆ ಊರು ಸಿಕ್ಕರೆ ಕೋಣೆಯ ವಿದ್ಯೆ ಅವರ ಜೊತೆಗೇ ಹೋಗುತ್ತದೆ. ಅವರ ಜಾಗಕ್ಕೆ ಜೂನ್ ಕಳೆದ ಮೇಲೆ ಬರುವ ಅತಿಥಿ ಶಿಕ್ಷಕರಿಗೆ ಪದ್ಧತಿಯ ತರಬೇತಿ ಆಗಿರುವುದೇ ಕಡಿಮೆ. ಅವರು ತಮಗೆ ಗೊತ್ತಿರುವಂತೆ ಹಲಗೆಯ ಮೇಲೆ ಕಾಗುಣಿತ ಬರೆದು ಮಕ್ಕಳಿಂದ ಹೇಳಿಸುತ್ತಾರೆ, ಅವರನ್ನು ದೂರಲಾಗದು. ಇಂಥ ಕಡೆ ಪದ್ಧತಿಯನ್ನು ಉಳಿಸಿದ್ದು ನಾನು ಗಮನಿಸಿದಂತೆ ಒಂದೇ ಸಂಗತಿ: ಮುಖ್ಯ ಶಿಕ್ಷಕರಿಗೆ ಸ್ವತಃ ನಲಿ-ಕಲಿ ಗೊತ್ತಿರುವುದು. ಅವರು ಆ ಕೋಣೆಯಲ್ಲಿ ವಾರಕ್ಕೊಮ್ಮೆ ಕೂತು ಕಲಿಸುವವರಾದರೆ ಹೊಸಬರಿಗೆ ಕೇಳಲು ಒಬ್ಬರಿರುತ್ತಾರೆ. ಮುಖ್ಯ ಶಿಕ್ಷಕರಿಗೆ ಅದು ‘ಚಿಕ್ಕ ತರಗತಿಯ ಮೇಡಮ್ಮಿನ ಕೆಲಸ’ ಎನಿಸಿದರೆ, ಎಷ್ಟು ಒಳ್ಳೆಯ ಶಿಕ್ಷಕಿಯಿದ್ದರೂ ಕೋಣೆ ಒಂಟಿಯಾಗುತ್ತದೆ. ಇಲಾಖೆಯ ತರಬೇತಿ ಯೋಜನೆಯಲ್ಲಿ ಮುಖ್ಯ ಶಿಕ್ಷಕರಿಗೆ ಮೀಸಲಾದ ಪಾಲು ಬಹಳ ಸಣ್ಣದು; ಸುಧಾರಣೆಗೆ ಹಣವಿದ್ದರೆ ಮೊದಲು ಅಲ್ಲಿ ಹಾಕಬೇಕೆಂದು ನನ್ನ ಅಭಿಮತ.

ಪೋಷಕರು ಇನ್ನೊಂದು ಬದಿ. ಮೊಮ್ಮಗಳು ಶಾಲೆಗೆ ಸೇರಿ ತಿಂಗಳಾದರೂ ಅಜ್ಜಿಯ ಮುಂದೆ ಅ ಆ ಇ ಈ ಒಪ್ಪಿಸುವುದಿಲ್ಲ, ಚೀಲದಲ್ಲಿ ಪುಸ್ತಕವಿಲ್ಲ, ಮನೆಗೆಲಸವಿಲ್ಲ, ಕೇಳಿದರೆ ಹಕ್ಕಿಯ ಕಾರ್ಡು ಮುಗಿಸಿದೆ ಎನ್ನುತ್ತಾಳೆ. ಪಕ್ಕದ ಊರಿನ ಕಾನ್ವೆಂಟ್ ವ್ಯಾನ್ ದಿನವೂ ಮನೆ ಮುಂದೆ ಹೋಗುತ್ತಿರುವಾಗ ಈ ಉತ್ತರ ಯಾರಿಗೂ ಸಮಾಧಾನ ತರುವುದಿಲ್ಲ. ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸುವುದನ್ನು ಶಿಕ್ಷಕರ ಕೊರತೆ ಮುಚ್ಚುವ ಉಪಾಯವೆಂದು ಕಾಣುವವರೂ ಇದ್ದಾರೆ, ಅವರ ಅನುಮಾನದಲ್ಲಿ ಸತ್ಯದ ಅಂಶವೂ ಇದೆ. ಮಕ್ಕಳ ಸಂಖ್ಯೆ ಹೆಚ್ಚಿದ್ದು ಶಿಕ್ಷಕರೂ ಕೋಣೆಗಳೂ ಇರುವ ಪಟ್ಟಣದ ಶಾಲೆಗೆ ಈ ಕೂಡಿಕೆ ಅನಿವಾರ್ಯವಲ್ಲ. 2001ರಿಂದ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿದ್ದರೂ ಅವುಗಳ ಸಭೆಯಲ್ಲಿ ಕಾಂಪೌಂಡು, ಶೌಚಾಲಯ, ಬಿಸಿಯೂಟದ ಚರ್ಚೆಯಾಗುವಷ್ಟು ಏಣಿಯ ಚರ್ಚೆಯಾಗುವುದಿಲ್ಲ. ಪೋಷಕರನ್ನು ಒಂದು ಬೆಳಿಗ್ಗೆ ಕೋಣೆಯೊಳಗೆ ಕೂರಿಸಿ, ಅವರ ಮಗುವೇ ಏಣಿ ತೋರಿಸಿ ವಿವರಿಸುವಂತೆ ಮಾಡಿದ ಶಾಲೆಗಳಲ್ಲಿ ಪ್ರಶ್ನೆಗಳ ಧಾಟಿ ಬದಲಾಗಿರುವುದನ್ನು ಕಂಡಿದ್ದೇನೆ. ಅದಕ್ಕೆ ತಗಲುವ ಖರ್ಚು ಚಹಾದ್ದು ಮಾತ್ರ.

ಹೋಲಿಕೆಗೆ ಇದೇ ಸೀಮೆಯ ಇನ್ನೊಂದು ಪ್ರಯೋಗವನ್ನು ನೆನೆಯಬಹುದು. 2004ರ ಸೆಪ್ಟೆಂಬರಿನಲ್ಲಿ ಇಸ್ರೋ ಹಾರಿಸಿದ ಎಜುಸ್ಯಾಟ್ ಉಪಗ್ರಹದ ಪಾಠಗಳು ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಟಿವಿಗಳಿಗೆ ಬಂದವು. ಪಾಠಗಳ ಗುಣಮಟ್ಟ ಕೆಟ್ಟದ್ದೇನಲ್ಲ. ಆದರೆ ನಿಗದಿತ ವೇಳೆಗೆ ವಿದ್ಯುತ್ ಇರಬೇಕು, ಡಿಶ್ ಕೆಟ್ಟರೆ ದುರಸ್ತಿಗೆ ಯಾರೋ ಬರಬೇಕು, ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಕಲಿಯಬೇಕು, ಶಿಕ್ಷಕರು ಪಕ್ಕದಲ್ಲಿ ನಿಂತು ನೋಡಬೇಕು. 2010ರಲ್ಲಿ ಉಪಗ್ರಹದ ಆಯುಷ್ಯವೇ ಮುಗಿಯಿತು. ಕೋಟೆಯ ಕಾರ್ಡುಗಳು ಆ ಹೊತ್ತಿಗೆ ಇಡೀ ರಾಜ್ಯಕ್ಕೆ ಹರಡಿದ್ದವು. ಶಿಕ್ಷಕರ ಕೈಯಲ್ಲಿ ತಿದ್ದಲು ಬರುವ ಸಾಮಗ್ರಿಗೂ ಅವರ ಕೈಗೆ ಎಟುಕದ ಸಾಮಗ್ರಿಗೂ ಇರುವ ವ್ಯತ್ಯಾಸ ಇದಕ್ಕಿಂತ ಸ್ಪಷ್ಟವಾಗಿ ಕಾಣಲು ಸಾಧ್ಯವಿಲ್ಲ.

ತಮಿಳುನಾಡು ಇದೇ ರಿಷಿ ವ್ಯಾಲಿಯ ಮೂಲದಿಂದ ಬೇರೆ ದಾರಿ ಹಿಡಿಯಿತು. 2003ರಲ್ಲಿ ಚೆನ್ನೈ ಪಾಲಿಕೆಯ ಶಾಲೆಗಳಲ್ಲಿ ಪ್ರಯೋಗ ಆರಂಭಿಸಿದ ಅಧಿಕಾರಿ ಎಂ.ಪಿ. ವಿಜಯಕುಮಾರ್ ಅವರೇ ನಂತರ ರಾಜ್ಯದ ಸರ್ವ ಶಿಕ್ಷಣ ಅಭಿಯಾನದ ನಿರ್ದೇಶಕರಾಗಿ, 2007-08ರ ಹೊತ್ತಿಗೆ ಅದನ್ನು ರಾಜ್ಯಕ್ಕೆಲ್ಲ ಒಯ್ದರು. ಮೇಲಿನ ಹುದ್ದೆಯಲ್ಲಿ ಒಬ್ಬರೇ ಹಲವು ವರ್ಷ ಇದ್ದುದರ ಲಾಭ ಅಲ್ಲಿ ಕಾಣುತ್ತದೆ. ದೂರದ ಕೊಲಂಬಿಯಾದಲ್ಲಿ 1970ರ ದಶಕದ ಮಧ್ಯದಿಂದ ವಿಕಿ ಕೋಲ್ಬರ್ಟ್ ಮತ್ತು ಸಂಗಡಿಗರು ಕಟ್ಟಿದ ‘ಎಸ್ಕುಯೆಲಾ ನುಯೆವಾ’ ಕೂಡ ಬಹುತರಗತಿಯ ಹಳ್ಳಿ ಶಾಲೆಗಳದ್ದೇ. ಅಲ್ಲಿ ನೆರೆಹೊರೆಯ ಶಿಕ್ಷಕರು ಸಣ್ಣ ವೃತ್ತಗಳಲ್ಲಿ ನಿಯಮಿತವಾಗಿ ಸೇರಿ ತಮ್ಮ ತರಗತಿಯ ಸಮಸ್ಯೆಗಳನ್ನು ಬಿಡಿಸಿಕೊಳ್ಳುವುದು ಪದ್ಧತಿಯ ಅವಿಭಾಜ್ಯ ಭಾಗ. ನಮ್ಮ ಸಮಾಲೋಚನಾ ಸಭೆಗೆ ಆಗಬೇಕಿದ್ದ ಕೆಲಸವೂ ಅದೇ.

ನಾಲ್ಕನೆಯ ತರಗತಿಯ ವಿಚಾರವನ್ನು ಬಿಡುವಂತಿಲ್ಲ. ಮೂರು ವರ್ಷ ಕಾರ್ಡು ಹಿಡಿದು ತನ್ನ ವೇಗದಲ್ಲಿ ಕಲಿತ ಮಗು ಜೂನ್ ತಿಂಗಳ ಒಂದು ದಿನ ಬೆಂಚಿನ ಮೇಲೆ ಕೂತು ಎಲ್ಲರ ಜೊತೆ ಒಂದೇ ಪುಟ ತೆರೆಯಬೇಕಾಗುತ್ತದೆ. ಏಣಿಯಲ್ಲಿ ಅರ್ಧಕ್ಕೆ ನಿಂತ ಮಗುವಿನ ಮಾಹಿತಿ ಹೊಸ ಶಿಕ್ಷಕರಿಗೆ ತಲುಪುವ ಏರ್ಪಾಡು ಬಹುತೇಕ ಕಡೆ ಬಾಯಿಮಾತಿನದು. ಗಣಿತದಲ್ಲಿ ಸ್ವಯಂಸೇವಾ ಸಂಸ್ಥೆಯಾದ ಅಕ್ಷರ ಫೌಂಡೇಶನ್ನಿನ ಸಹಯೋಗದ ‘ಗಣಿತ ಕಲಿಕಾ ಆಂದೋಲನ’ದ ಕಿಟ್ ನಾಲ್ಕು ಮತ್ತು ಐದನೆಯ ತರಗತಿಗೆ ಕೈಯಿಂದ ಮಾಡಿ ಕಲಿಯುವ ದಾರಿಯನ್ನು ಮುಂದುವರಿಸುತ್ತದೆ, ಅದು ಒಳ್ಳೆಯ ಸೇತುವೆ. ಕನ್ನಡ ಓದಿಗೆ ಅಂಥದ್ದೊಂದು ಬೇಕಿದೆ.

ಅಂಕ ಕೊಡುವುದೇ ಆದರೆ, ಸಾಮಗ್ರಿಯ ವಿನ್ಯಾಸಕ್ಕೆ ಐದರಲ್ಲಿ ನಾಲ್ಕೂವರೆ, ಆರಂಭಿಕ ತರಬೇತಿಗೆ ಮೂರು, ತರಗತಿಯೊಳಗಿನ ಬೆಂಬಲಕ್ಕೆ ಒಂದೂವರೆ, ಬಿಡಿ ಸಾಮಗ್ರಿಯ ಪೂರೈಕೆಗೆ ಎರಡು. ಇಬ್ಬರು ಶಿಕ್ಷಕರಿರುವ, ಮಕ್ಕಳು ಕಡಿಮೆಯಿರುವ ಶಾಲೆಗೆ ಇದಕ್ಕಿಂತ ಹೊಂದುವ ಪದ್ಧತಿ ನನಗೆ ಗೊತ್ತಿಲ್ಲ. ಒಂದು ತರಗತಿಯಲ್ಲೇ ನಲವತ್ತು ಮಕ್ಕಳಿರುವ ಶಾಲೆ ಏಣಿಯನ್ನು ಇಟ್ಟುಕೊಂಡು ಕೂಡಿಕೆಯನ್ನು ಬಿಡುವುದು ಮೇಲು. ನಲಿ-ಕಲಿಯನ್ನು ನೋಡಿ ಇಂಥದ್ದನ್ನೇ ತಮ್ಮಲ್ಲಿ ತರಲು ಯೋಚಿಸುತ್ತಿರುವ ಅನುದಾನಿತ ಅಥವಾ ಖಾಸಗಿ ಕನ್ನಡ ಶಾಲೆಗಳ ಆಡಳಿತ ಮಂಡಳಿಗಳು ಕಾರ್ಡುಗಳ ಬೆಲೆ ವಿಚಾರಿಸುವ ಮೊದಲು ತಮ್ಮ ಇಬ್ಬರು ಶಿಕ್ಷಕರನ್ನು ಚೆನ್ನಾಗಿ ನಡೆಯುತ್ತಿರುವ ಒಂದು ಸರ್ಕಾರಿ ನಲಿ-ಕಲಿ ಕೋಣೆಗೆ ಅನುಮತಿ ಪಡೆದು ಒಂದು ವಾರ ಕಳಿಸಲಿ, ಜೊತೆಗೆ ಮುಖ್ಯ ಶಿಕ್ಷಕರನ್ನೂ ಕಳಿಸಲಿ. ಮರಳಿದ ಮೇಲೆ ಮೊದಲ ಮೈಲಿಗಲ್ಲಿನ ಕಾರ್ಡುಗಳನ್ನಾದರೂ ಅವರ ಕೈಯಲ್ಲೇ ಮಾಡಿಸಲಿ. ಉಳಿದದ್ದನ್ನು ಅಚ್ಚು ಹಾಕಿಸಬಹುದು.